ಅವನು ಹೇಳಿದ್ದನ್ನು ಹೇಳು

ಪಾಸ್ಟರಮ್ಮನಿಗೆ ಬಾಯಿಮಾತಿಗಿಂತ ಮೊದಲು ಬಂದದ್ದು ಕೈಮಾತು. ಅವಳ ತಾಯಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಹಸಿವಾದರೆ ಅಳುವ ಬದಲು ತಾಯಿಯ ತೋಳು ತಟ್ಟಿ ಬೆರಳಾಡಿಸುತ್ತಿದ್ದ ಮಗು ಅದು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ತಾಯಿ ಹೊಡೆಯುತ್ತಿರಲಿಲ್ಲ, ಮಗಳ ಎರಡೂ ಕೈಗಳನ್ನು ತನ್ನ ಅಂಗೈಯೊಳಗೆ ಬಿಗಿಯಾಗಿ ಹಿಡಿದುಕೊಂಡು ಬಿಡುತ್ತಿದ್ದಳು. ಆ ಮನೆಯಲ್ಲಿ ಅದು ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಮದುವೆಯಾಗಿ ಪಾಸ್ಟರ ಹೆಂಡತಿಯಾದ ಮೇಲೂ ಕೈಮಾತು ಅವಳನ್ನು ಬಿಡಲಿಲ್ಲ. ಸಭೆ ಸೇರುತ್ತಿದ್ದುದು ಟೈರು ಅಂಗಡಿಯ ಮೇಲಿನ ಹಾಲ್‌ನಲ್ಲಿ. ಮೆಟ್ಟಿಲು ಹತ್ತುವಾಗಲೇ ರಬ್ಬರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಎಡಗಡೆಯ ಮುಂದಿನ ಬೆಂಚು ಕಿವಿ ಕೇಳಿಸದವರದು. ಪಾಸ್ಟರ್ ಮರದ ವೇದಿಕೆಯ ಮೇಲೆ ನಿಂತು ಪ್ರಸಂಗ ಮಾಡಿದರೆ, ಪಕ್ಕದಲ್ಲಿ ನಿಂತ ಅವಳು ಅದನ್ನು ಕೈಯಲ್ಲಿ ಹೇಳುತ್ತಿದ್ದಳು. ಆ ಬೆಂಚಿನವರು ಎಲ್ಲರಿಗೂ ಕೈಹೆಸರು ಇಟ್ಟಿದ್ದರು. ಪಾಸ್ಟರಿಗೆ ಇಟ್ಟದ್ದು ಹಣೆಯ ಬೆವರು ಒರೆಸಿ ಝಾಡಿಸುವ ಸನ್ನೆ. ಅದು ಗೊತ್ತಾದಾಗ ಪಾಸ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಗು ಬರುತ್ತಿದ್ದ ಕಾಲ ಅದು.

ಆಮೇಲೆ ಸಭೆ ಸೊರಗುತ್ತ ಬಂತು. ಒಂದು ಮನೆಯವರು ಬೇರೆ ಊರಿಗೆ ಹೋದರು, ಇನ್ನೊಂದು ಮನೆಯವರು ದೊಡ್ಡ ಸಭೆಗೆ ಹೋದರು, ಕೆಲವರು ಸುಮ್ಮನೆ ಬರುವುದನ್ನು ಬಿಟ್ಟರು. ಪಾಸ್ಟರ್ ಊಟದ ನಡುವೆ ಎದ್ದು ಹೋಗಿ ಪ್ರಾರ್ಥನೆಗೆ ಕೂರತೊಡಗಿದರು. ದೇವರು ಒಂದೇ ಒಂದು ಗುರುತು ತೋರಿಸಲಿ, ಸಾಕು ಎಂದು ಹೆಂಡತಿಯ ಹತ್ತಿರ ಹೇಳುತ್ತಿದ್ದರು. ಅವರು ಮೋಸಗಾರರಲ್ಲ. ದೇವರು ಖಂಡಿತ ಕೊಡುತ್ತಾನೆಂದು ನಂಬಿದ್ದರು. ತೊಂದರೆಯಾದದ್ದೂ ಅಲ್ಲಿಂದಲೇ.

ಒಂದು ಭಾನುವಾರ ರೋಗಿಗಳಿಗಾಗಿ ಪ್ರಾರ್ಥನೆ ನಡೆಯಿತು. ಪಾಸ್ಟರ್ ಎಡಗಡೆಯ ಬೆಂಚಿನಿಂದ ತಗಡಣ್ಣನನ್ನು ವೇದಿಕೆಗೆ ಕರೆದರು. ಅವನು ತಗಡಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಮುಚ್ಚಳ ಒತ್ತುವ ಯಂತ್ರದ ಕೆಲಸಗಾರ, ಹಾಗಾಗಿ ಆ ಹೆಸರು. ಅವನೂ ಅವನ ಹೆಂಡತಿಯೂ ಹುಟ್ಟಾ ಕಿವುಡರು, ಓದುಬರಹ ಅಷ್ಟಾಗಿ ಬಾರದು. ಪಾಸ್ಟರ್ ಅವನ ಕಿವಿಗಳ ಮೇಲೆ ಕೈಯಿಟ್ಟು, ಕಣ್ಣೀರು ಸುರಿಸುತ್ತ ಬಹಳ ಹೊತ್ತು ಪ್ರಾರ್ಥಿಸಿದರು. ಆಮೇಲೆ ಅವನ ಹಿಂದೆ ಹೋಗಿ ನಿಂತು, ಉತ್ಸಾಹದಲ್ಲಿ ಕಾಲು ಅಪ್ಪಳಿಸಿ, ಜೋರಾಗಿ ಚಪ್ಪಾಳೆ ಹೊಡೆದರು.

ತಗಡಣ್ಣ ತಿರುಗಿ ನೋಡಿದ.

ಹಾಲ್‌ನಲ್ಲಿ ಯಾರೋ ಕಿರುಚಿಕೊಂಡರು. ಪಾಸ್ಟರ್ ಮೈಕು ಹಿಡಿದು, ನಡುಗುವ ದನಿಯಲ್ಲಿ, "ಕೇಳಿಸ್ತಾ ಅಂತ ಕೇಳು ಅವನನ್ನ" ಎಂದರು.

ಅವಳು ಕೇಳಿದಳು. ಬೆಂಚಿಗೆ ಬೆನ್ನು ಮಾಡಿ ನಿಂತಿದ್ದ ತಗಡಣ್ಣನ ಕೈ ಸರಾಗವಾಗಿ ಉತ್ತರ ಕೊಟ್ಟಿತು: ಇಲ್ಲ. ಹಲಗೆ ಅದುರಿತು. ಯಾರು ತುಳಿದದ್ದು?

ಪಾಸ್ಟರ್ ಮೈಕನ್ನು ಅವಳ ಬಾಯಿಗೆ ಹಿಡಿದರು. ಅವಳು ಗಂಡನ ಮುಖ ನೋಡಿದಳು. ಎಷ್ಟೋ ತಿಂಗಳಿಂದ ಬಾಡಿಹೋಗಿದ್ದ ಆ ಮುಖ ಹಬೆಯಾಡುವ ಅನ್ನದ ಮುಂದೆ ಕೂತ ಹಸಿದವನ ಮುಖದ ಹಾಗಿತ್ತು. ಆ ಹಾಲ್‌ನಲ್ಲಿ ಎರಡೂ ಭಾಷೆ ಬರುತ್ತಿದ್ದವಳು ಅವಳೊಬ್ಬಳೇ.

"ಕೇಳಿಸ್ತಂತೆ" ಎಂದಳು.

ಮುಂದಿನದೆಲ್ಲ ಅವಳ ಕೈಮೀರಿ ನಡೆಯಿತು. ಜನ ತಗಡಣ್ಣನನ್ನು ತಬ್ಬಿಕೊಂಡು ಅತ್ತರು. ಅವನು ತಬ್ಬಿಬ್ಬಾಗಿ, ಯಾರದೋ ಭುಜದ ಮೇಲಿನಿಂದ ಕೈ ಎತ್ತಿ, ಏನಾಯಿತು ಎಂದು ಅವಳನ್ನು ಕೇಳಿದ. ನಿನ್ನ ಕಿವಿ ತೆರೆಯಿತೆಂದು ಇವರೆಲ್ಲ ನಂಬಿದ್ದಾರೆ ಎಂದು ಅವಳ ಕೈ ಹೇಳಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವನ ಕಣ್ಣಲ್ಲಿ ಅನುಮಾನ ಕಂಡು ಇನ್ನೊಂದು ಮಾತು ಸೇರಿಸಿದಳು: ಈಗಲೇ ಅಲ್ಲ, ನಿಧಾನವಾಗಿ ಕೇಳಿಸುತ್ತೆ. ನಂಬಬೇಕು.

ಅವನು ನಂಬಿದ.

ಸುದ್ದಿ ಹಬ್ಬಿತು. ಟೈರು ಅಂಗಡಿಯ ಮೆಟ್ಟಿಲ ಮೇಲೆಲ್ಲ ಜನ ನಿಲ್ಲುವಂತಾಯಿತು. ಡಬ್ಬಿ ಕಾರ್ಖಾನೆಯ ಯಜಮಾನರು ತಾವೇ ಬಂದು, ತಮ್ಮ ಆಳಿಗೆ ಆದ ಅದ್ಭುತಕ್ಕೆ ಕೃತಜ್ಞತೆಯಾಗಿ ಕಾರ್ಖಾನೆಯ ಹಿಂದಿನ ದೊಡ್ಡ ಗೋದಾಮನ್ನು ಸಭೆಗೆ ಬಿಟ್ಟುಕೊಟ್ಟರು. ಗೋದಾಮಿಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಪಾಸ್ಟರ ಸಂಸಾರ ಇರಲಿ ಎಂದರು. ದನಿಯೂ ದೊಡ್ಡದು, ಮನಸ್ಸೂ ದೊಡ್ಡದು ಆ ಮನುಷ್ಯನದು. ಇನ್ನೂ ಒಂದು ಉಪಕಾರ ಮಾಡಿದರು. "ಕಿವಿ ಬಂದವನಿಗೆ ಇನ್ನೂ ಆ ಯಂತ್ರದ ಗದ್ದಲ ಯಾಕೆ? ಇದ್ದ ಕಿವಿಯೂ ಹೋದೀತು!" ಎಂದು ನಕ್ಕು, ತಗಡಣ್ಣನನ್ನು ಯಂತ್ರದಿಂದ ಬಿಡಿಸಿ ಗೇಟಿನ ಕಾವಲಿಗೆ ಕೂರಿಸಿದರು.

ಪಾಸ್ಟರಮ್ಮನ ಹೊಸ ಮನೆಗೆ ಒಂದೇ ಕಿಟಕಿ. ಅದು ಕಾರ್ಖಾನೆಯ ಅಂಗಳಕ್ಕೆ ತೆರೆದುಕೊಳ್ಳುತ್ತಿತ್ತು. ಪಾತ್ರೆ ತೊಳೆಯಲು ನಿಂತರೆ ಎದುರಿಗೆ ಗೇಟು, ಗೇಟಿನ ಪಕ್ಕ ಕುರ್ಚಿ, ಕುರ್ಚಿಯಲ್ಲಿ ತಗಡಣ್ಣ. ಹೊರಗೆ ಹೋಗಬೇಕೆಂದರೂ ಅವನನ್ನು ದಾಟಿಯೇ ಹೋಗಬೇಕು. ಬೆಳಗಾದರೆ ಅವನು ಜೇಬಿನಿಂದ ಅಲಾರಾಂ ಗಡಿಯಾರ ತೆಗೆದು ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಿವಿಗೆ. ಆಮೇಲೆ ಜೇಬಿಗಿಟ್ಟುಕೊಳ್ಳುತ್ತಿದ್ದ. ಅವಳನ್ನು ಕಂಡರೆ, ಇವತ್ತೂ ಇಲ್ಲ, ನನ್ನ ನಂಬಿಕೆ ಸಾಲದು ಎಂದು ಕೈಯಾಡಿಸುತ್ತಿದ್ದ.

ಎಡಗಡೆಯ ಬೆಂಚಿನವರು ಅವನನ್ನು ದೂರ ಇಟ್ಟಿದ್ದರು. ಕೇಳಿಸುತ್ತಿಲ್ಲ ಎಂದು ಅವನು ಆಣೆ ಮಾಡಿ ಹೇಳಿದರೂ, ಗೇಟಿನ ಕೆಲಸ ಸಿಕ್ಕಿದ್ದು ಹೇಗೆ ಮತ್ತೆ ಎಂದು ಕೈಯಲ್ಲೇ ಚುಚ್ಚುತ್ತಿದ್ದರು. ಕೇಳಿಸುವವರೋ ಬೆನ್ನ ಹಿಂದಿನಿಂದ ಅವನನ್ನು ಕರೆದು, ತಿರುಗದಿದ್ದರೆ, ಕೆಲಸ ಬದಲಾದ ಮೇಲೆ ಕೊಬ್ಬು ಬಂದಿದೆ ಎನ್ನುತ್ತಿದ್ದರು. ಅವನಿಗೆ ಅಲ್ಲೂ ಜಾಗವಿಲ್ಲ, ಇಲ್ಲೂ ಜಾಗವಿಲ್ಲ.

ಪಾಸ್ಟರಮ್ಮನಿಗೆ ಪ್ರಾರ್ಥನೆ ಮಾಡಲು ಆಗುತ್ತಿರಲಿಲ್ಲ. ಮಂಡಿಯೂರಿದ ಕೂಡಲೇ ಒಂದೇ ವಿಷಯ ಬಂದು ಎದುರು ಕೂರುತ್ತಿತ್ತು. ದನಿಯೇನೂ ಕೇಳಿಸುತ್ತಿರಲಿಲ್ಲ. ಆದರೆ ಬೇರೆ ಏನು ಕೇಳಿದರೂ ದೇವರು ಆ ಒಂದಕ್ಕೇ ಬೆರಳು ಮಾಡಿ ತೋರಿಸುವಂತಿತ್ತು: ಅವನು ಹೇಳಿದ್ದನ್ನು ಹೇಳು.

ಅವಳು ಬೇರೆ ಎಲ್ಲವನ್ನೂ ಮಾಡಿದಳು. ಉಪವಾಸ ಹಿಡಿದಳು. ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಂಜಿ ಕುಡಿಸಿ, ಬಟ್ಟೆ ಒಗೆದು ಬಂದಳು. ಗೋದಾಮಿನ ಅಷ್ಟೂ ಕಿಟಕಿಗಳಿಗೆ ತಾನೇ ಪರದೆ ಹೊಲಿದಳು. ತಗಡಣ್ಣನಿಗೆ ದಿನವೂ ಬಿಸಿ ಬಿಸಿ ಚಹಾ ಕೊಟ್ಟು ಬಂದಳು. ಕೊನೆಗೆ ಮೈ ಹಣ್ಣಾಗಿ ಮಂಡಿಯೂರಿ, "ಇಷ್ಟು ಸಾಲದಾ ಸ್ವಾಮೀ?" ಎಂದರೆ, ಎದುರಿಗೆ ಮತ್ತೆ ಅದೇ. ದೇವರು ಅವಳ ಉಪವಾಸವನ್ನು ಕೇಳಿರಲಿಲ್ಲ, ಪರದೆಯನ್ನು ಕೇಳಿರಲಿಲ್ಲ. ಕೇಳಿದ್ದು ಒಂದೇ ಒಂದು, ಅದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಅವಳು ತಂದು ಸುರಿಯುತ್ತಿದ್ದಳು.

ಒಂದು ಬೆಳಗ್ಗೆ ತಡೆಯಲಾಗದೆ ಗಂಡನಿಗೆ ಹೇಳಿದಳು.

"ಅವತ್ತು ತಗಡಣ್ಣ ಕೇಳಿಸ್ತು ಅಂದಿರ್ಲಿಲ್ಲ."

ಪಾಸ್ಟರ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. "ಏನಂದಿದ್ದ ಮತ್ತೆ?"

"ಹಲಗೆ ಅದುರ್ತು ಅಂದಿದ್ದ. ಯಾರು ತುಳಿದಿದ್ದು ಅಂತ ಕೇಳಿದ್ದ."

ಬೆಣ್ಣೆ ಮುಗಿದಿದ್ದರೂ ಚಾಕು ಬ್ರೆಡ್ಡಿನ ಮೇಲೆ ಓಡಾಡುತ್ತಲೇ ಇತ್ತು. ಗೋಡೆಯಾಚೆ ಯಂತ್ರಗಳು ಧಡ್ ಧಡ್ ಎನ್ನುತ್ತಿದ್ದವು. ಕೊನೆಗೆ ಪಾಸ್ಟರ್ ಕೇಳಿದ್ದು, "ಯಾರಿಗಾದ್ರೂ ಹೇಳಿದ್ಯಾ?" ಎಂದು.

ಯಾಕೆ ಹಾಗೆ ಮಾಡಿದೆ ಎಂದು ಕೇಳಲಿಲ್ಲ. ಆಗ ಅವಳಿಗೆ ಗೊತ್ತಾಯಿತು, ಗಂಡನಿಗೂ ಎಂದಿನಿಂದಲೋ ಅನುಮಾನವಿದೆ, ಅದನ್ನು ಅವರು ಮುಟ್ಟದೆ ಬಿಟ್ಟಿದ್ದಾರೆ ಎಂದು.

"ಇಲ್ಲ."

"ಹೇಳ್ಬೇಡ. ನೋಡು, ಕುಡಿತ ಬಿಟ್ಟವರಿದಾರೆ. ಆ ಟೈಲರಮ್ಮ, ಪ್ರಾಣ ಕಳ್ಕೋತೀನಿ ಅಂತ ಓಡಾಡ್ತಿದ್ದವಳು, ಈಗ ನಗ್ತಾ ಹಾಡ್ತಾಳೆ. ಅವರಿಗೆಲ್ಲ ಏನಂತ ಹೇಳೋದು? ದೇವರ ಹೆಸರಿಗೇ ಮಸಿ ಬಳಿದ ಹಾಗಾಗುತ್ತೆ."

"ಈಗ ಬಳಿದಿರೋದು ಏನು?"

ಪಾಸ್ಟರ್ ಚಾಕು ಕೆಳಗಿಟ್ಟರು. ಮೆತ್ತಗೆ, ತಮಗೇ ನಾಚಿಕೆಯಾದವರಂತೆ ಹೇಳಿದರು. "ನೀನು ದೇವರ ಮಾತು ಕೇಳೋಳು ತಾನೆ? ಹೆಂಡತಿ ಗಂಡನ ಮಾತು ಕೇಳ್ಬೇಕು ಅನ್ನೋದೂ ದೇವರ ಮಾತೇ."

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಇನ್ನು ಹೋಗಲು ಬೇರೆ ಕೋಣೆಯಿರಲಿಲ್ಲ. ಮಂಡಿಯೂರಿದರೆ ದೇವರು ಹೇಳು ಎನ್ನುತ್ತಾನೆ. ಎದ್ದು ನಿಂತರೆ ದೇವರ ಹೆಸರಿನಲ್ಲಿಯೇ ಗಂಡ ಬೇಡ ಎನ್ನುತ್ತಾರೆ. ಕಿಟಕಿಯ ಹತ್ತಿರ ಹೋದರೆ ತಗಡಣ್ಣ ಗಡಿಯಾರ ಹಿಡಿದು ಕೂತಿದ್ದಾನೆ. ಅವಳು ಕಿಟಕಿಗೂ ಪರದೆ ಎಳೆದಳು. ಆಮೇಲಿನ ದಿನಗಳಲ್ಲಿ ಆ ಎರಡು ಕೋಣೆಗಳು ಇನ್ನಷ್ಟು ಕಿರಿದಾದಂತೆ, ಉಸಿರಿಗೂ ಜಾಗ ಸಾಲದಂತೆ ಆಯಿತು. ಭಾನುವಾರ ಗಂಡ "ಕಿವುಡನ ಕಿವಿ ತೆರೆದ ದೇವರು" ಎಂದಾಗ ಅದನ್ನು ಎಡಗಡೆಯ ಬೆಂಚಿಗೆ ಕೈಯಲ್ಲಿ ಹೇಳಲಾರದೆ, ಕೆಮ್ಮು ಬಂದವಳಂತೆ ಬಾಯಿಗೆ ಕೈ ಒತ್ತಿಕೊಳ್ಳುತ್ತಿದ್ದಳು.

ಹಾಗಿರುವಾಗ ಒಂದು ಮಧ್ಯಾಹ್ನ ಅಂಗಳದಲ್ಲಿ, ಬೆನ್ನು ಮಾಡಿ ನಿಂತಿದ್ದ ತಗಡಣ್ಣನತ್ತ ಲಾರಿ ಹಿಂದಕ್ಕೆ ಬಂತು. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಗೇಟಿನವನಿಗೆ ಈಗ ಕೇಳಿಸುತ್ತದೆಂದು ಅವನೂ ನಂಬಿದ್ದ. ಬೇರೆ ಕಡೆಯಾಗಿದ್ದರೆ ನೆಲ ಅದುರಿದ್ದು ತಿಳಿದು ತಗಡಣ್ಣ ಸರಿದು ನಿಲ್ಲುತ್ತಿದ್ದ. ಯಂತ್ರಗಳಿಂದ ಆ ಅಂಗಳದ ನೆಲ ಯಾವಾಗಲೂ ಅದುರುತ್ತಲೇ ಇರುವುದರಿಂದ ಪಾದಕ್ಕೆ ಏನೂ ತಿಳಿಯಲಿಲ್ಲ. ಚಕ್ರ ಅವನ ಬಲಗಾಲಿನ ಮೇಲೆ ಹತ್ತಿತು.

ಆಸ್ಪತ್ರೆಯಿಂದ ಪಾಸ್ಟರಮ್ಮನಿಗೆ ಕರೆ ಬಂತು. ಕೈಮಾತು ಬಲ್ಲವರು ಬೇಕಾಗಿತ್ತು. ಹಸಿರು ಪರದೆಯ ಹಿಂದೆ ತಗಡಣ್ಣ ಮಲಗಿದ್ದ, ಮುಖ ಬಿಳಿಚಿಕೊಂಡಿತ್ತು. ಅವನ ಹೆಂಡತಿ ಹಾಸಿಗೆಯ ಕಂಬಿ ಹಿಡಿದು ನಿಂತಿದ್ದಳು. ಯಜಮಾನರು ಡಾಕ್ಟರಿಗೆ ವಿವರಿಸುತ್ತಿದ್ದರು.

"ಹಾರ್ನ್ ಹೊಡೀತಾನೇ ಇದ್ದ ಡಾಕ್ಟ್ರೇ. ಇವನ ಗಮನ ಎಲ್ಲಿತ್ತೋ."

"ಇವರಿಗೆ ಕಿವಿ ಕೇಳಿಸಲ್ಲ ಅಂದ್ರಲ್ಲ ನರ್ಸು?" ಎಂದರು ಡಾಕ್ಟರು.

"ಮುಂಚೆ ಕೇಳಿಸ್ತಿರ್ಲಿಲ್ಲ. ದೇವರು ವಾಸಿ ಮಾಡಿದ. ಇವರನ್ನೇ ಕೇಳಿ, ನಮ್ಮ ಪಾಸ್ಟರಮ್ಮ, ಇವರ ಬಾಯಿಂದಲೇ ನಾವೆಲ್ಲ ಕೇಳಿದ್ದು."

ಎಲ್ಲರೂ ಅವಳ ಕಡೆ ತಿರುಗಿದರು. ಇನ್ನು ತಪ್ಪಿಸಿಕೊಳ್ಳಲು ಸಂದಿಯೇ ಇರಲಿಲ್ಲ. ಅದು ಇಲ್ಲದ್ದೇ ಒಳ್ಳೆಯದಾಯಿತೇನೋ.

"ಇವರಿಗೆ ಯಾವತ್ತೂ ಕೇಳಿಸಿಲ್ಲ ಡಾಕ್ಟರ್" ಎಂದಳು. "ಅವತ್ತೂ ಕೇಳಿಸ್ಲಿಲ್ಲ. ಕೇಳಿಸ್ಲಿಲ್ಲ ಅಂತಾನೇ ಇವರು ಹೇಳಿದ್ರು. ಕೇಳಿಸ್ತು ಅಂತ ಹೇಳಿದ್ದು ನಾನು."

ಯಜಮಾನರು ಗೋಡೆಗೆ ಒರಗಿ ನಿಂತು, "ನಾನು ಪ್ರೀತಿಯಿಂದ ಗೇಟಿಗೆ ಹಾಕ್ದೆನಲ್ಲಮ್ಮಾ" ಎಂದರು, ಮಗುವಿನಂತೆ.

ತಗಡಣ್ಣ ಎಲ್ಲರ ತುಟಿಗಳನ್ನೂ ನೋಡುತ್ತಿದ್ದ. ನೋವಿನ ನಡುವೆಯೂ ಕೈ ಎತ್ತಿದ: ಏನು ಹೇಳಿದೆ? ಅವಳು ಅವನ ಮುಂದೆ ಕುಳಿತು, ಒಂದೂ ಬಿಡದೆ ಕೈಯಲ್ಲಿ ಹೇಳಿದಳು. ವೇದಿಕೆಯ ಮೇಲೆ ಅವನ ಹೆಸರಿನಲ್ಲಿ ಹೇಳಿದ್ದನ್ನು ಹೇಳಿದಳು. ನಿಧಾನವಾಗಿ ಕೇಳಿಸುತ್ತೆ ಎಂದದ್ದು ದೇವರ ಮಾತಲ್ಲ, ತನ್ನ ಮಾತು ಎಂದಳು. ನಿನ್ನ ನಂಬಿಕೆಯಲ್ಲಿ ಕೊರತೆಯೇನೂ ಇರಲಿಲ್ಲ ಎಂದಳು. ತಪ್ಪಾಯಿತು ಎಂದಳು.

ಅವನು ಅವಳ ಕೈ ನಿಲ್ಲುವ ತನಕ ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡ.

ಕೇಳಿಸುವವರು ಕಣ್ಣು ಮುಚ್ಚಿದರೆ ಇನ್ನೂ ಮಾತಾಡಬಹುದು, ಬೇಡಿಕೊಳ್ಳಬಹುದು. ಅವನು ಕಣ್ಣು ಮುಚ್ಚಿದರೆ ಬಾಗಿಲಿಗೆ ಬೀಗ ಬಿದ್ದ ಹಾಗೆ. ಅವಳು ಬಹಳ ಹೊತ್ತು ಕೂತಿದ್ದಳು. ಅವನು ಕಣ್ಣು ತೆರೆಯಲಿಲ್ಲ. ಹೆಂಡತಿ ಬಂದು ಅವಳ ತೋಳು ಹಿಡಿದು ಎಬ್ಬಿಸಿ, ಪರದೆಯಾಚೆ ಬಿಟ್ಟಳು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. "ಭಾನುವಾರ ಸಭೆಯಲ್ಲೂ ಹೇಳ್ತೀನಿ. ನಿಮ್ಮನ್ನ ಕೇಳ್ತಿಲ್ಲ. ತಿಳಿಸ್ತಿದೀನಿ."

"ನನ್ನ ಬಗ್ಗೆ ಯೋಚನೆ ಇಲ್ವಾ ನಿಂಗೆ?"

"ನಿಮ್ಮ ಬಗ್ಗೆ ಯೋಚನೆ ಮಾಡೇ ಅವತ್ತು ಹಾಗೆ ಹೇಳಿದ್ದು. ದೇವರಿಗಿಂತ ನಿಮ್ಮ ಮುಖ ದೊಡ್ಡದಾಗಿ ಕಾಣಿಸ್ತು."

ಪಾಸ್ಟರ್ ಅಂಗಿ ಬಟನ್ನು ಹಾಕಿಕೊಳ್ಳುತ್ತಿದ್ದವರು ಕೈ ಇಳಿಬಿಟ್ಟು ಕೂತರು.

ಭಾನುವಾರ ಗೋದಾಮು ಕಿಕ್ಕಿರಿದಿತ್ತು. ತಗಡಣ್ಣನಿಗಾಗಿ ಪ್ರಾರ್ಥಿಸೋಣ ಎಂದು ಪಾಸ್ಟರ್ ಹೇಳುತ್ತಿದ್ದಂತೆ ಅವಳು ಮುಂದೆ ಬಂದಳು. ಮೊದಲು ಎಡಗಡೆಯ ಬೆಂಚಿನತ್ತ ತಿರುಗಿ ಕೈಯಲ್ಲಿ ಹೇಳಿದಳು. ಆ ಬೆಂಚಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೈಕಿಗೆ ಬಾಯಿಯಿಟ್ಟು ಅದನ್ನೇ ಹೇಳತೊಡಗಿದಳು. ಅರ್ಧದಲ್ಲಿ ಮೈಕು ಸತ್ತಿತು. ಯಾರೋ ಹಿಂದೆ ಆರಿಸಿದ್ದರು. ಅವಳು ನಿಲ್ಲಿಸಲಿಲ್ಲ. ಗಂಟಲು ಹರಿಯುವಂತೆ ಕೂಗಿ, ಕೊನೆಯ ಸಾಲಿನವರೆಗೆ ಮುಟ್ಟಿಸಿದಳು.

"ಅವಳಿಗೇನೋ ಹಿಡ್ಕೊಂಡಿದೆ" ಎಂದಿತು ಒಂದು ದನಿ. "ಗಂಡನ ಹೆಸರು ಬರೋದು ಸಹಿಸೋಕಾಗ್ಲಿಲ್ಲ" ಎಂದಿತು ಇನ್ನೊಂದು. ಕುರ್ಚಿಗಳು ಕಿರ್ರೆಂದವು, ಜನ ಎದ್ದು ಹೋಗತೊಡಗಿದರು. ಪಾಸ್ಟರ್ ವೇದಿಕೆಯ ಮೇಲೆ ಕಂಬದ ಹಾಗೆ ನಿಂತಿದ್ದರು, ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಟೈಲರಮ್ಮ ಮಾತ್ರ ನೇರ ಅವಳ ಹತ್ತಿರ ಬಂದಳು. "ಹಾಗಾದ್ರೆ ನಂಗಾಗಿದ್ದೂ ಸುಳ್ಳಾ?"

ಗಂಡ ಹೆದರಿದ್ದ ಪ್ರಶ್ನೆ ಇದೇ. "ನಿಮಗೆ ಏನಾಯ್ತು ಅನ್ನೋದು ನಿಮಗೆ ಗೊತ್ತು, ದೇವರಿಗೆ ಗೊತ್ತು. ನಾನು ಹೇಳಿದ್ದು ಮಾತ್ರ ಸುಳ್ಳು."

ಟೈಲರಮ್ಮ ಅವಳನ್ನೇ ನೋಡಿದಳು. ಹೋಗಿ ತನ್ನ ಜಾಗದಲ್ಲಿ ಕೂತಳು, ಎದ್ದು ಹೋಗಲಿಲ್ಲ.

ಯಜಮಾನರಿಗೆ ಸಿಟ್ಟಿಗಿಂತ ಅವಮಾನ ಹೆಚ್ಚಾಗಿತ್ತು. ಗೋದಾಮು ಬೇಕಾಗಿದೆ ಎಂದು ಆಳಿನ ಕೈಯಲ್ಲಿ ಹೇಳಿಕಳಿಸಿದರು. ಪಾಸ್ಟರ ಸಂಸಾರ ಒಂದೇ ಕೋಣೆಯ ಮನೆಗೆ ಬಂತು. ಉಳಿದ ಕೆಲವರು ಅಲ್ಲೇ ನೆಲದ ಮೇಲೆ ಸೇರುತ್ತಿದ್ದರು. ಪಾಸ್ಟರ್ ಹೆಂಡತಿಯ ಜೊತೆ ಉಪ್ಪು, ಸೋಪು, ಬೀಗದ ಕೈ ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತಿದ್ದರು. ಒಂದೇ ಕೋಣೆಯಲ್ಲಿ ಆ ಮೌನದ ಜೊತೆ ಬಾಳುವುದು ಸುಲಭವಿರಲಿಲ್ಲ. ಗೋಡೆಗೆ ಮುಖ ಮಾಡಿ ಮಂಡಿಯೂರಿದರೆ ಮೊಣಕೈ ಗಂಡನ ಕುರ್ಚಿಗೆ ತಾಗುತ್ತಿತ್ತು. ಆದರೂ ಈಗ ಮಂಡಿಯೂರಿದರೆ ಎದುರಿಗೆ ಯಾವುದೂ ಬಂದು ಕೂರುತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಬಹುದಿತ್ತು. ಎಷ್ಟೋ ಸಲ ಏನೂ ಹೇಳದೆ ಸುಮ್ಮನೆ ಅಳುತ್ತಿದ್ದಳು, ಆ ಅಳು ಹಗುರವಾಗಿತ್ತು.

ಒಂದು ಭಾನುವಾರ ಪಾಸ್ಟರ್ ಪ್ರಸಂಗಕ್ಕೆ ಎದ್ದು ನಿಂತು, ಬೈಬಲ್ಲು ತೆರೆದು, ಮತ್ತೆ ಮುಚ್ಚಿದರು. "ಇವಳು ಹೇಳಿದ್ದು ನಿಜ. ನನಗೂ ಅನುಮಾನ ಇತ್ತು, ಕೇಳ್ಲಿಲ್ಲ. ಇವತ್ತು ನನ್ನ ಹತ್ರ ಪ್ರಸಂಗ ಇಲ್ಲ" ಎಂದು ಕೂತುಬಿಟ್ಟರು. ಅಂದು ಹಾಡು ಹೇಳಿ ಎಲ್ಲರೂ ಮನೆಗೆ ಹೋದರು. ಆಮೇಲೂ ಗಂಡ ಹೆಂಡತಿಯ ನಡುವೆ ಮಾತು ಒಮ್ಮೆಗೇ ತಿರುಗಿ ಬರಲಿಲ್ಲ. ಸಂಜೆ ಚಹಾ ಸೋಸಿ, ಅವಳ ಲೋಟವನ್ನೂ ಅವರೇ ತುಂಬಿದರು, ಅಷ್ಟೇ.

ತಗಡಣ್ಣನ ಕಾಲಿನ ಕಟ್ಟು ಬಿಚ್ಚುವ ದಿನ ಅವನ ಹೆಂಡತಿ ಬಾಗಿಲಿಗೆ ಬಂದಳು. ಬಾ ಎಂದು ಕೈ ಬೀಸಿದಳು, ಮುಖದಲ್ಲಿ ನಗುವಿರಲಿಲ್ಲ. ಆಸ್ಪತ್ರೆಯಲ್ಲಿ ತಗಡಣ್ಣ ಮೇಜಿನ ಮೇಲೆ ಕಾಲು ಚಾಚಿ ಕೂತಿದ್ದ. ಪಾಸ್ಟರಮ್ಮನನ್ನು ನೋಡಿಯೂ ನೋಡದವನಂತೆ ಡಾಕ್ಟರ ಕಡೆ ತಿರುಗಿದ. ಡಾಕ್ಟರು ಕಾಲನ್ನು ಒತ್ತಿ, ತಿರುಚಿ, ಎಳೆದು ನೋಡುತ್ತಿದ್ದರು.

"ನೋವಿದೆಯಾ ಕೇಳಿ" ಎಂದರು.

ಅವಳು ಕೇಳಿದಳು. ತಗಡಣ್ಣ ಕೈಯೆತ್ತಿ, ತಡೆದು, ಆಮೇಲೆ ನಿಧಾನವಾಗಿ ಹೇಳಿದ. ಅವಳ ಮುಖ ಕೆಂಪೇರಿತು. ಮತ್ತೊಮ್ಮೆ ಕೇಳಿದಳು. ಅವನು ಮತ್ತೆ ಅದನ್ನೇ ಹೇಳಿದ, ಈ ಸಲ ಇನ್ನಷ್ಟು ಬಿಡಿಸಿ, ಅವಳ ಬಾಯನ್ನೇ ನೋಡುತ್ತ.

"ಏನಂತಾರೆ?" ಎಂದರು ಡಾಕ್ಟರು.

ಪಾಸ್ಟರಮ್ಮ ಡಾಕ್ಟರ ಕಡೆ ತಿರುಗಿದಳು. "ನೋವಿದೆಯಂತೆ. ನೀವು ಕತ್ತೆ ಕಾಲಿಗೆ ಲಾಳ ಹೊಡೆಯೋ ಹಾಗೆ ಎಳೆದಾಡ್ತಿದೀರಂತೆ. ನಿಮ್ಮ ಉಗುರೂ ಕೊಳಕಾಗಿದೆಯಂತೆ."

ಡಾಕ್ಟರು ಕೈ ಹಿಂದಕ್ಕೆಳೆದುಕೊಂಡು ತಮ್ಮ ಉಗುರು ನೋಡಿಕೊಂಡರು. ಪಕ್ಕದಲ್ಲಿದ್ದ ನರ್ಸು ಬೇಗನೆ ಅತ್ತ ತಿರುಗಿದಳು, ಅವಳ ಭುಜ ಕುಲುಕುತ್ತಿತ್ತು. ಡಾಕ್ಟರು ಹುಬ್ಬು ಗಂಟಿಕ್ಕಿ, ಎದ್ದು ಹೋಗಿ, ಸೋಪು ಹಚ್ಚಿ ಕೈ ತೊಳೆದರು.

ಅವರು ತೊಳೆದುಕೊಂಡು ಬರುವಷ್ಟರಲ್ಲಿ ತಗಡಣ್ಣ ಪಾಸ್ಟರಮ್ಮನ ಕಡೆ ಪೂರ್ತಿ ತಿರುಗಿದ್ದ. ನಗಲಿಲ್ಲ. ಆದರೆ ಕಣ್ಣು ಅವಳ ಮುಖದ ಮೇಲೆಯೇ ಇತ್ತು. ಯಂತ್ರದ ಕೆಲಸಕ್ಕೆ ಎಂದಿನಿಂದ ಹೋಗಬಹುದು ಎಂದು ಈ ಡಾಕ್ಟರನ್ನು ಕೇಳು ಎಂದು ಕೈಯಾಡಿಸಿದ.

ಅವಳು ಕೇಳಿದಳು. ಡಾಕ್ಟರು ಹೇಳಿದ್ದನ್ನು ಅವನಿಗೆ ಹೇಳಿದಳು.